ತಪ್ಪನ್ನು ಹಂಚುವ ದಾಸೋಹ

ಗಳಿಸಿದ ಅನ್ನವನ್ನು ಹಂಚಿ ಉಣ್ಣಬೇಕು, ಕಲಿತ ವಿದ್ಯೆಯನ್ನು ಹಂಚಿ ಬೆಳೆಸಬೇಕು ಎಂಬುದನ್ನು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಮಾಡಿದ ತಪ್ಪನ್ನು? ಅದನ್ನು ಮುಚ್ಚಿಡುವುದೇ ಜಾಣತನವೆಂಬುದು ಲೋಕದ ರೂಢಿ. ತಪ್ಪನ್ನೂ ಹಂಚಬೇಕೇ, ಹಂಚುವುದಾದರೆ ಹೇಗೆ ಎಂಬುದು ಕಾಯಕನಿಷ್ಠರಾದ ಗೃಹಸ್ಥರು ವಿಚಾರಿಸತಕ್ಕ ಪ್ರಶ್ನೆಯಾಗಿದೆ.

ಬೇಸಿಗೆಯ ರಜೆಯಲ್ಲಿ ನಾನು ಉಡುಪಿಯ ಕಡೆಗೆ ಹೋಗಿದ್ದೆನು. ನಮ್ಮ ಮಠದ ಶಾಲೆಯಲ್ಲಿ ಓದಿ, ಈಗ ಮಣಿಪಾಲದಲ್ಲಿ ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುವ ಕಾಯಕದಲ್ಲಿರುವ ಶಿಷ್ಯನೊಬ್ಬನು ನನ್ನನ್ನು ಕಾರ್ಕಳಕ್ಕೆ ಕರೆದೊಯ್ದನು. 1432ರಲ್ಲಿ ಪ್ರತಿಷ್ಠಿತವಾದ, 42 ಅಡಿ ಎತ್ತರದ ಏಕಶಿಲಾ ಗೊಮ್ಮಟಮೂರ್ತಿಯ ಮುಂದೆ ನಿಂತು ಅವನು ಹೇಳಿದನು: “ಗುರುಗಳೇ, ಶಿಲ್ಪಿಯ ಉಳಿ ಜಾರಿದರೆ ಎಲ್ಲರಿಗೂ ಕಾಣುತ್ತದೆ. ನಮ್ಮ ತಪ್ಪು ಹಾಗಲ್ಲ. ಸಾಲದ ಬಡ್ಡಿ ಲೆಕ್ಕಿಸುವ ಪ್ರೋಗ್ರಾಮಿನಲ್ಲಿ ವರ್ಷಕ್ಕೆ ಯಾವಾಗಲೂ 365 ದಿನಗಳೆಂದೇ ಬರೆದಿದ್ದೆ. ಫೆಬ್ರವರಿ 29 ಬರುವ ವರ್ಷದಲ್ಲಿ ಮಾತ್ರ ಅದು ತಪ್ಪುತ್ತದೆ. ಯಾರ ಹಣವೂ ಹೋಗುವ ಮೊದಲೇ ಕಂಡು ಸದ್ದಿಲ್ಲದೆ ತಿದ್ದಿದೆ. ಹೇಳಿಕೊಂಡರೆ ನನ್ನ ಮಾನ ಹೋಗುತ್ತದೆ. ಹೇಳದಿದ್ದರೆ ಪಕ್ಕದಲ್ಲಿ ಕುಳಿತವನು ನಾಳೆ ಅದನ್ನೇ ಮಾಡಿಯಾನು. ಏನು ಮಾಡಲಿ?”

ನಾನು ಒಡನೆ ಉತ್ತರಿಸಲಿಲ್ಲ. ಮರುದಿನ ಕಾಪುವಿನ ಕಡೆಗೆ ಹೋದಾಗ ಅವನು ಅದಮಾರು ಗ್ರಾಮದ ದಾರಿಯನ್ನು ತೋರಿಸಿದನು. ಖ್ಯಾತ ವಿಜ್ಞಾನಿ ಡಾ. ಯು. ಆರ್. ರಾಯರು 1932ರಲ್ಲಿ ಜನಿಸಿದ ಊರು ಅದು. ಅವನ ಪ್ರಶ್ನೆಗೆ ಉತ್ತರವು ಆ ಹೆಸರಿನ ಜೊತೆಯಲ್ಲಿಯೇ ದೊರಕಿತು.

ರಾಯರು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷರಾಗಿದ್ದ ಕಾಲದಲ್ಲಿ, 1993ರ ಸೆಪ್ಟೆಂಬರ್ 20ರಂದು, ಪಿ.ಎಸ್.ಎಲ್.ವಿ. ರಾಕೆಟ್ಟಿನ ಪ್ರಥಮ ಹಾರಾಟವು ವಿಫಲವಾಯಿತು. ಅದು ಹೊತ್ತಿದ್ದ ಉಪಗ್ರಹವು ಕಕ್ಷೆಯನ್ನು ಸೇರಲಿಲ್ಲ. ವರ್ಷಾನುಗಟ್ಟಲೆ ದುಡಿದವರ ದುಃಖವನ್ನು ಹೇಳತೀರದು. ಆದರೂ ಕಾರಣವನ್ನು ಶೋಧಿಸಿ, ಲೋಕಕ್ಕೆ ತಿಳಿಸಲಾಯಿತು. ರಾಕೆಟ್ಟನ್ನು ನಿಯಂತ್ರಿಸುವ ತಂತ್ರಾಂಶದಲ್ಲಿ ಒಂದು ದೋಷವಿತ್ತು. ಆಜ್ಞೆಯ ಪ್ರಮಾಣವು ಗೊತ್ತುಪಡಿಸಿದ ಮೇರೆಯನ್ನು ಮೀರಿದಾಗ ಮಾತ್ರ ಅದು ತಲೆದೋರುವಂಥದು. ದೋಷವನ್ನು ತಿದ್ದಿದ ಬಳಿಕ 1994ರ ಅಕ್ಟೋಬರ್ 15ರ ಹಾರಾಟವು ಸಫಲವಾಯಿತು. 2008ರಲ್ಲಿ ಚಂದ್ರಯಾನವನ್ನೂ 2013ರಲ್ಲಿ ಮಂಗಳಯಾನವನ್ನೂ ಹೊತ್ತೊಯ್ದುದು ಇದೇ ಬಗೆಯ ರಾಕೆಟ್ಟು.

1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ಟು ಹಾರಿದ ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಅಲ್ಲಿಯೂ ಒಂದು ಸಂಖ್ಯೆ ತನಗಿಟ್ಟ ಸ್ಥಳದಲ್ಲಿ ಹಿಡಿಸದಷ್ಟು ದೊಡ್ಡದಾಗಿತ್ತು. ವಿಚಾರಣೆಯ ವರದಿಯು ಮರುತಿಂಗಳೇ ಪ್ರಕಟವಾಯಿತು. ದೋಷ ಹೇಗೆ ನುಸುಳಿತು, ಪರೀಕ್ಷೆಯಲ್ಲಿ ಏಕೆ ಕಾಣಲಿಲ್ಲ ಎಂಬುದನ್ನು ಅದು ಹೇಳಿತೇ ಹೊರತು ಒಬ್ಬ ವ್ಯಕ್ತಿಯನ್ನು ಹಿಡಿದು ದೂಷಿಸಲಿಲ್ಲ. ಆದುದರಿಂದಲೇ ಇಂದಿಗೂ ಅದು ವಿದ್ಯಾರ್ಥಿಗಳಿಗೆ ಪಾಠವಾಗಿದೆ.

ಇದರಿಂದ ತಿಳಿಯುವುದೇನು? ನಷ್ಟವನ್ನು ತೆತ್ತು ಪಡೆದ ತಿಳಿವಳಿಕೆಯು ಒಬ್ಬನ ಸ್ವತ್ತಲ್ಲ. ಅದನ್ನು ಬಚ್ಚಿಟ್ಟರೆ ಇನ್ನೊಬ್ಬನು ಅದೇ ಬೆಲೆಯನ್ನು ಮತ್ತೆ ತೆರಬೇಕಾಗುತ್ತದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಅದನ್ನು ಒಪ್ಪದೆ ಹಿಂದಿರುಗಿಸಿ ಬರುವಂತೆ ಹೇಳಿದ ವೃತ್ತಾಂತವನ್ನು ನಾವು ಭಕ್ತಿಯಿಂದ ಕೇಳುತ್ತೇವೆ. ಶರಣರ ಪರಂಪರೆಯು ಆ ಕುಂದನ್ನು ಮರೆಮಾಚಿದ್ದರೆ ಆ ಪಾಠವು ನಮಗೆ ದೊರೆಯುತ್ತಿತ್ತೇ? ಅದನ್ನು ಹೇಳಿದುದರಿಂದ ಮಾರಯ್ಯನವರ ಗೌರವಕ್ಕೆ ಕುಂದು ಬಂದಿತೇ?

ಇಲ್ಲೊಂದು ಸಂಶಯವು ಏಳುವುದು. ಬಾಯಿಬಿಟ್ಟವನ ಜೀವನೋಪಾಯವೇ ಹೋದರೆ? ಈ ಸಂಶಯವು ನ್ಯಾಯವಾದುದು. ಹೇಳುವವನಿಗೆ ಧೈರ್ಯವು ಹೇಗೆ ಧರ್ಮವೋ, ಕೇಳುವ ಹಿರಿಯರಿಗೆ ತಾಳ್ಮೆಯೂ ಹಾಗೆಯೇ ಧರ್ಮ. ತಪ್ಪೊಪ್ಪಿದವನನ್ನು ಹಂಗಿಸುವ ಮನೆಯಲ್ಲಿ ಮಕ್ಕಳು ಸುಳ್ಳು ಕಲಿಯುತ್ತಾರೆ. ಕಚೇರಿಯ ಪಾಡೂ ಅಷ್ಟೇ. ಇನ್ನು, ಹಂಚತಕ್ಕದ್ದು ತನ್ನ ತಪ್ಪನ್ನು. ಪರರದನ್ನು ಹಂಚಿದರೆ ಅದು ನಿಂದೆ. ತನ್ನ ತಪ್ಪನ್ನೇ ಹೊಗಳಿಕೆಗಾಗಿ ಸಾರಿದರೆ ಅದು ವೇಷಾಂತರದ ಅಹಂಕಾರ. ಏನಾಯಿತು, ಏಕಾಯಿತು, ಮತ್ತೆ ಆಗದಂತೆ ಏನು ಮಾಡಬೇಕು ಎಂಬಿಷ್ಟನ್ನು ಹೇಳಿದರೆ ಸಾಕು.

ಇಷ್ಟನ್ನು ಶಿಷ್ಯನಿಗೆ ಹೇಳುವಾಗ ನನ್ನ ಮನಸ್ಸೇ ನನ್ನನ್ನು ತಡೆಯಿತು. ಅನೇಕ ವರ್ಷಗಳ ಹಿಂದೆ ತರಗತಿಯಲ್ಲಿ ‘ಮನ್ವಂತರ’ವೆಂಬ ಪದವನ್ನು ಗುಣಸಂಧಿಯೆಂದು ಅವಸರದಲ್ಲಿ ಹಲಗೆಯ ಮೇಲೆ ಬರೆದಿದ್ದೆ, ಅದು ಯಣ್‌ಸಂಧಿ. ಪರೀಕ್ಷೆಯಲ್ಲಿ ಒಬ್ಬ ಹುಡುಗನು ನಾನು ಕಲಿಸಿದಂತೆಯೇ ಬರೆದನು. ಅವನ ಉತ್ತರಕ್ಕೆ ಕೆಂಪು ಗೆರೆ ಎಳೆದ ಕೈ ನನ್ನದೇ. ಹಲಗೆಯ ನೆನಪು ಬಂದರೂ ಮಾನಕ್ಕೆ ಅಂಜಿ ಸುಮ್ಮನಾದೆ. ಆ ಹುಡುಗನು ಈಗ ಎಲ್ಲಿರುವನೋ ಅರಿಯೆ.

ಕಾಪುವಿನ ಕಡಲತೀರದಲ್ಲಿ ಶಿಷ್ಯನಿಗೆ ಮೊದಲು ಈ ಸಂಗತಿಯನ್ನೇ ಹೇಳಿದೆನು. ಉಪದೇಶವನ್ನು ಆಮೇಲೆ ಹೇಳಿದೆನು. ಅವನು ತನ್ನ ಜೊತೆಯವರಿಗೆ ಹೇಳಿದನೋ ಇಲ್ಲವೋ, ನಾನು ಕೇಳಿಲ್ಲ. ಶಾಲೆ ತೆರೆದ ದಿನ ನಾನು ಮಾತ್ರ ಹಲಗೆಯ ಮೇಲೆ ‘ಮನ್ವಂತರ’ವೆಂದು ಬರೆದು, ಹಿಂದೆ ಅದನ್ನು ಹೇಗೆ ತಪ್ಪಾಗಿ ಕಲಿಸಿದೆನೆಂಬುದರಿಂದಲೇ ಪಾಠವನ್ನು ಆರಂಭಿಸಿದೆನು. ಮಕ್ಕಳು ನಗಲಿಲ್ಲ. ಆ ವರ್ಷ ಆ ಪದದಲ್ಲಿ ಒಬ್ಬರೂ ತಪ್ಪಲಿಲ್ಲ.