ನೆಲದ ಋಣ

ಕುಶಾಲನಗರದ ಸಂತೆಯಲ್ಲಿ ಟಿಬೆಟನ್ ಅಜ್ಜಿಯೊಬ್ಬರು ಕೊತ್ತಂಬರಿ ಕಟ್ಟು ಹಿಡಿದು ಚೌಕಾಸಿ ಮಾಡುತ್ತಿದ್ದರು. ಸೊಂಟಕ್ಕೆ ಪಂಗ್ದೆನ್ ಎಂಬ ಪಟ್ಟೆಪಟ್ಟೆಯ ಏಪ್ರನ್, ಕೈಯಲ್ಲಿ ಜಪಮಣಿ. ‘ಬಾಡೋಗಿದೆ ಕಣಮ್ಮ, ಹತ್ತಕ್ಕೆ ಎರಡು ಕೊಡು’ ಎಂದ ಆ ಮಾತು ಅಪ್ಪಟ ಪಿರಿಯಾಪಟ್ಟಣ ಸೀಮೆಯದು. ಚಿಲ್ಲರೆ ಹುಡುಕುವಾಗ ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಪುಟ್ಟ ಪುಸ್ತಕ ಇಣುಕಿತು. ಟಿಬೆಟನ್ನರೆಲ್ಲ ‘ಆರ್‌ಸಿ’ ಎನ್ನುವ ನೋಂದಣಿ ಪತ್ರ ಅದು.

ವಿದೇಶಿಯರಿಗೆ ಕೊಡುವ ಪತ್ರ. ಅವಧಿ ಮುಗಿದಾಗಲೆಲ್ಲ ನವೀಕರಿಸಬೇಕು. ಟಿಬೆಟನ್ನರು ಪಕ್ಕದ ಬೈಲಕುಪ್ಪೆಗೆ ಬಂದದ್ದು 1960ರಲ್ಲಿ. ಕಾಡು ಕಡಿದು ಮುಸುಕಿನ ಜೋಳ ಬಿತ್ತಿದರು. ಅವರ ಮೊಮ್ಮಕ್ಕಳಿಗೆ ಹಿಮಾಲಯದಾಚೆಯ ಊರು ಕೇಳಿದ ಕತೆ ಮಾತ್ರ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎನ್ನುತ್ತದೆ ಕಾನೂನು. ಟಿಬೆಟನ್ನರಿಗೂ ಇದು ಸಲ್ಲುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಬೇಕಾಯಿತು. 1987ರ ಜೂನ್ 30ರ ರಾತ್ರಿ ಹುಟ್ಟಿದ ಅಕ್ಕ ಪ್ರಜೆ. ಅದೇ ಓಣಿಯಲ್ಲಿ ಮರುದಿನ ಹುಟ್ಟಿದ ಗೆಳತಿ, ತಂದೆತಾಯಿ ಇಬ್ಬರೂ ನಿರಾಶ್ರಿತರಾದರೆ, ವಿದೇಶಿ. ಹಕ್ಕಿದ್ದೂ ಪೌರತ್ವ ಕೇಳದವರಿದ್ದಾರೆ. ಕೇಳಿದರೆ ಟಿಬೆಟ್ಟನ್ನು ಬಿಟ್ಟುಕೊಟ್ಟಂತೆ ಎಂಬ ಸಂಕಟ ಅವರದು.

ಎಲ್ಲವೂ ಅನಿತ್ಯವೆಂದು ಅವರ ಧರ್ಮ ಕಲಿಸುತ್ತದೆ. ಭಿಕ್ಷುಗಳು ಬಣ್ಣದ ಮರಳನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ ದಿನಗಟ್ಟಲೆ ಮಂಡಲ ಬರೆಯುತ್ತಾರೆ. ಮುಗಿದ ಮೇಲೆ ಗುಡಿಸಿ, ಹರಿಯುವ ನೀರಿಗೆ ಬಿಡುತ್ತಾರೆ. ಆದರೆ ಮಂಡಲವನ್ನು ಅಳಿಸುವುದು ಅದನ್ನು ಬರೆದ ಕೈಗಳೇ. ಕಟ್ಟಿಕೊಂಡ ಬದುಕನ್ನು ಇನ್ನೊಬ್ಬರ ಮುದ್ರೆ ಅಳಿಸಬಹುದು ಎಂಬ ಭಯ ಬೇರೆಯದು. ಅನಿತ್ಯತೆ ಲೋಕದ ನಿಯಮ, ಅಭದ್ರತೆ ಮನುಷ್ಯರು ಮಾಡಿದ್ದು. ಮೊದಲನೆಯದನ್ನು ಹೇಳಿ ಎರಡನೆಯದನ್ನು ಸಹಿಸಿಕೊಳ್ಳಿ ಎನ್ನುವುದು ಅನ್ಯಾಯ.

ಯಾರಾದರೂ ಊರು ಬಿಟ್ಟರೆ, ಲೋಕ ಬಿಟ್ಟರೂ, ‘ಇಲ್ಲಿನ ಋಣ ತೀರಿತು’ ಎನ್ನುತ್ತೇವೆ. ಪಹಣಿ ನಮ್ಮ ಹೆಸರಿನಲ್ಲಿದ್ದರೂ ನಾವಿರುವುದು ಋಣ ಇರುವಷ್ಟೇ ದಿನ. ಆ ಅಜ್ಜಿ ಇರುವುದೂ ಅಷ್ಟೇ ದಿನ. ಆ ದಿನಗಳನ್ನಾದರೂ ಅವರು ನೆಮ್ಮದಿಯಾಗಿ ಕಳೆಯಬೇಕು.

‘ನಿಮ್ಮೂರು ಯಾವುದು?’ ಎಂದು ಕೇಳಿದಾಗ ಅವರು ‘ಬೈಲಕುಪ್ಪೆ’ ಎಂದರೆ ಒಪ್ಪಿಕೊಳ್ಳೋಣ. ‘ಅದಲ್ಲ, ನಿಜವಾದ ಊರು?’ ಎಂಬ ಎರಡನೆಯ ಪ್ರಶ್ನೆ ಬೇಡ.