ಮದುವೆ ಯಾರ ಸೊತ್ತು?

ಮದುವೆಯೆಂಬ ಒಂದೇ ಹೆಸರಿನಿಂದ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಕರೆಯುತ್ತೇವೆ. ಒಂದು, ದೇವರನ್ನೋ ಅಗ್ನಿಯನ್ನೋ ಸಾಕ್ಷಿಯಾಗಿಟ್ಟುಕೊಂಡು ಬಂಧುಬಳಗದ ಎದುರಿನಲ್ಲಿ ನಡೆಯುವ ವಿಧಿ. ಇನ್ನೊಂದು, ಆ ಇಬ್ಬರಿಗೆ ಕಾನೂನು ಕೊಡುವ ಮನ್ನಣೆ. ಆಸ್ತಿಯ ವಾರಸುದಾರಿಕೆ, ಪಿಂಚಣಿ, ಜೀವನಾಂಶ ಇವೆಲ್ಲ ಹುಟ್ಟುವುದು ಈ ಮನ್ನಣೆಯಿಂದ. ಧಾರೆಯೆರೆದ ಗಳಿಗೆಯಲ್ಲೇ ಕಾನೂನೂ ಅವರನ್ನು ದಂಪತಿಗಳೆಂದು ಒಪ್ಪಿಕೊಳ್ಳುವುದರಿಂದ, ಇವೆರಡೂ ಬೇರೆ ಎಂಬುದು ನಮ್ಮ ಗಮನಕ್ಕೇ ಬರುವುದಿಲ್ಲ. ಬರಬೇಕಾದ ಅಗತ್ಯವೂ ಹೆಚ್ಚಿನವರಿಗೆ ಇಲ್ಲ. ಆದರೆ ಸಲಿಂಗ ವಿವಾಹದ ವಿಷಯದಲ್ಲಿ ನಮ್ಮ ದೇಶದಲ್ಲಿ ನಡೆದಿರುವ ವಾದವಿವಾದವನ್ನು ಅರ್ಥಮಾಡಿಕೊಳ್ಳಬೇಕಾದರೆ, ಮೊದಲು ಈ ಎರಡು ಎಳೆಗಳನ್ನು ಬಿಡಿಸಿ ನೋಡುವುದು ಒಳ್ಳೆಯದು.

ನಡೆದ ಸಂಗತಿ ಇಷ್ಟು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, 1860ರಿಂದ ಬಂದಿದ್ದ ದಂಡಸಂಹಿತೆಯ 377ನೆಯ ಕಲಮನ್ನು ಪರಿಶೀಲಿಸಿ, ವಯಸ್ಕರಾದ ಇಬ್ಬರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲವೆಂದಿತು. ಅಪರಾಧವಲ್ಲವೆಂದ ಮೇಲೆ ಅದಕ್ಕೊಂದು ಮರ್ಯಾದೆಯ ಹೆಸರು ಬೇಡವೆ ಎಂಬ ಪ್ರಶ್ನೆ ಸಹಜವಾಗಿಯೇ ಬಂದಿತು. 2023ರ ಏಪ್ರಿಲ್ 18ರಿಂದ ಐವರು ನ್ಯಾಯಾಧೀಶರ ಪೀಠ ಹತ್ತು ದಿನ ವಿಚಾರಣೆ ನಡೆಸಿತು. ಧರ್ಮಾನುಸಾರಿಯಾದ ವೈಯಕ್ತಿಕ ಕಾನೂನುಗಳಿಗೆ ಕೈಹಾಕುವುದಿಲ್ಲವೆಂದು ಪೀಠ ಮೊದಲೇ ಹೇಳಿತ್ತು. ಚರ್ಚೆಗೆ ನಿಂತದ್ದು 1954ರ ವಿಶೇಷ ವಿವಾಹ ಶಾಸನ. ಅಕ್ಟೋಬರ್ 17ರಂದು ತೀರ್ಪು ಬಂದಿತು. ಮದುವೆಯಾಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, ಶಾಸನವನ್ನು ತಿದ್ದುವುದು ನ್ಯಾಯಾಲಯದ ಕೆಲಸವಲ್ಲ ಎಂಬುದರಲ್ಲಿ ಐವರೂ ಒಂದಾಗಿದ್ದರು. ಮದುವೆಯೆನ್ನದೆ ಬೇರೊಂದು ಬಗೆಯ ಕೂಡುಬಾಳುವೆಗಾದರೂ ಮನ್ನಣೆ ಸಲ್ಲಬೇಕೆಂಬ ಮಾತಿಗೆ ಇಬ್ಬರು ಒಪ್ಪಿದರು, ಮೂವರು ಒಪ್ಪಲಿಲ್ಲ. 2025ರ ಜನವರಿಯಲ್ಲಿ ಪುನರ್ವಿಮರ್ಶೆಯ ಅರ್ಜಿಗಳೂ ತಿರಸ್ಕೃತವಾದವು.

ಈ ಸಂದರ್ಭದಲ್ಲಿ ಸಾಮಾನ್ಯವಾಗಿ ಒಂದು ಜಗಲಿಯ ಮೇಲೆ ಕೂರದವರು ಒಟ್ಟಿಗೆ ಕುಳಿತರು. ಜಮೀಯತ್ ಉಲಮಾ-ಇ-ಹಿಂದ್ ಅರ್ಜಿದಾರರ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಅಖಿಲ ಭಾರತೀಯ ಸಂತ ಸಮಿತಿಯೂ ಹೋಯಿತು. ರಾಷ್ಟ್ರೀಯ ಸ್ವಯಂಸೇವಕ ಸಂಘದ ಸರಕಾರ್ಯವಾಹರೂ ನಮ್ಮ ಮಲೆನಾಡಿನವರೂ ಆದ ದತ್ತಾತ್ರೇಯ ಹೊಸಬಾಳೆಯವರು, ವಿವಾಹವೆಂಬುದು ಸಂಸ್ಕಾರ, ಕರಾರಲ್ಲ ಎಂಬ ಅಭಿಪ್ರಾಯವನ್ನು 2023ರ ಮಾರ್ಚಿನಲ್ಲಿ ಹೇಳಿದ್ದರು.

ಈ ಆಕ್ಷೇಪಣೆಯನ್ನು ಹಳೆಯ ಕಾಲದವರ ಹಠವೆಂದು ತಳ್ಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಮದುವೆ ಇಬ್ಬರ ಖಾಸಗಿ ಸುಖದ ವಿಚಾರ ಮಾತ್ರವಲ್ಲ, ಅದು ಹಿಂದಿನ ತಲೆಮಾರನ್ನೂ ಮುಂದಿನ ತಲೆಮಾರನ್ನೂ ಕಟ್ಟುವ ಗಂಟು, ಆದ್ದರಿಂದ ಅದರಲ್ಲಿ ಸಮಾಜಕ್ಕೂ ಪಾಲುಂಟು ಎನ್ನುವ ಮಾತಿನಲ್ಲಿ ತೂಕವಿದೆ. ಯಾರಿಗೂ ಸಂಬಂಧಿಸದ ವ್ಯವಹಾರವಾಗಿದ್ದರೆ ಅರ್ಜಿದಾರರಾದರೂ ಸಮಾಜದ ಮುದ್ರೆಗಾಗಿ ಏಕೆ ಹೋರಾಡಬೇಕಿತ್ತು? ಮದುವೆಯ ಬೆಲೆಯನ್ನು ಉಭಯ ಪಕ್ಷದವರೂ ಬಲ್ಲರು. ಬೆಲೆ ತಿಳಿಯದವರು ಬೇಡುವುದೂ ಇಲ್ಲ, ತಡೆಯುವುದೂ ಇಲ್ಲ.

ಆದರೆ ಮುಂದಿನ ಹೆಜ್ಜೆಯಲ್ಲಿ ತೊಡಕಿದೆ. ಒಂದು ಧರ್ಮ ಯಾವುದನ್ನು ಸಂಸ್ಕಾರವೆನ್ನುತ್ತದೆಯೋ ಅದನ್ನೇ ಸರಕಾರವೂ ಮದುವೆಯೆನ್ನಬೇಕೆಂದರೆ, ಯಾವ ಧರ್ಮವನ್ನು ಕೇಳಬೇಕು? ಹಿಂದೂ ಸಂಪ್ರದಾಯದಲ್ಲಿ ವಿವಾಹ ಸಂಸ್ಕಾರ. ಇಸ್ಲಾಮಿನಲ್ಲಿ ಅದು ಕರಾರು. ರೋಮನ್ ಕ್ಯಾಥೊಲಿಕರಿಗೆ ವಿಚ್ಛೇದನೆ ಸಲ್ಲದು; ಇತರರಿಗೆ ಸಂದೀತು. ಅಷ್ಟು ದೂರ ಏಕೆ? ನಮ್ಮ ನಾಡಿನಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ಬಹುಕಾಲದ ವಾಡಿಕೆ. ಹಾಗೆ ಕೊಟ್ಟು ತಂದ ಮನೆಗಳು ನಮ್ಮೆಲ್ಲರ ಬಳಗದಲ್ಲೂ ಇವೆ. ಉತ್ತರದೇಶದ ಹಿಂದುವಿಗೆ ಈ ಮಾತನ್ನು ಹೇಳಿದರೆ ಆತ ಕಿವಿ ಮುಚ್ಚಿಕೊಂಡಾನು. ಅವನ ಪಾಲಿಗೆ ಅದು ಪಾಪ. 1955ರ ಹಿಂದೂ ವಿವಾಹ ಶಾಸನ ಇಂಥ ಸಂಬಂಧವನ್ನು ನಿಷೇಧಿಸಿ, ರೂಢಿಯಿದ್ದಲ್ಲಿ ಆಗಬಹುದೆಂದು ಬಿಟ್ಟಿತು. ಅಂದರೆ, ಒಬ್ಬ ಹಿಂದುವಿಗೆ ಪಾಪವಾಗಿ ಕಾಣುವುದನ್ನು ಇನ್ನೊಬ್ಬ ಹಿಂದುವಿಗೆ ಮದುವೆಯೆಂದು ಒಪ್ಪುವ ಉಪಾಯವನ್ನು ನಮ್ಮ ಕಾನೂನು ಆಗಲೇ ಕಂಡುಕೊಂಡಿತ್ತು. ಅದರಿಂದ ಉತ್ತರದವರ ಮದುವೆ ಮೈಲಿಗೆಯಾಗಲಿಲ್ಲ.

ಸಂತಾನವಿಲ್ಲದ ಕಡೆ ಮದುವೆಯೇ ಇಲ್ಲವೆಂಬುದು ಇನ್ನೊಂದು ವಾದ. ಅರುವತ್ತು ದಾಟಿದ ವಿಧುರನೂ ಅಷ್ಟೇ ವಯಸ್ಸಿನ ವಿಧವೆಯೂ ಮುಪ್ಪಿನಲ್ಲಿ ಒಬ್ಬರಿಗೊಬ್ಬರು ಜೊತೆಯಾಗಬೇಕೆಂದು ಹೋದರೆ, ಮಕ್ಕಳಾದಾವೆ ಎಂದು ಯಾವ ಅಧಿಕಾರಿಯೂ ಕೇಳುವುದಿಲ್ಲ. ಮಕ್ಕಳಾಗಲಿಲ್ಲವೆಂಬ ಒಂದೇ ಕಾರಣಕ್ಕೆ ಯಾವ ಮದುವೆಯೂ ರದ್ದಾಗುವುದಿಲ್ಲ. ಅಂಥ ದಂಪತಿಗಳನ್ನು ದಂಪತಿಗಳಲ್ಲವೆನ್ನುವ ಕಾಠಿಣ್ಯ ನಮ್ಮಲ್ಲಿ ಯಾರಿಗೂ ಇಲ್ಲ, ಇರಲೂ ಬಾರದು.

ಇನ್ನು, ವಿಶೇಷ ವಿವಾಹ ಶಾಸನದ ಪೂರ್ವಕಥೆ. ಕೇಶವಚಂದ್ರ ಸೇನರ ಅನುಯಾಯಿಗಳಾದ ಬ್ರಾಹ್ಮಸಮಾಜದವರು ತಮ್ಮ ಮದುವೆಗಳಿಗೆ ಕಾನೂನಿನ ಮನ್ನಣೆ ಬೇಡಿದ್ದರಿಂದ 1872ರಲ್ಲಿ ಅದರ ಮೂಲ ಹುಟ್ಟಿತು. ಸಂಪ್ರದಾಯಸ್ಥರ ವಿರೋಧ ಎಷ್ಟು ಪ್ರಬಲವಾಗಿತ್ತೆಂದರೆ, ವಧೂವರರು ತಾವು ಹಿಂದುಗಳೂ ಅಲ್ಲ, ಮುಸಲ್ಮಾನರೂ ಅಲ್ಲ, ಕ್ರೈಸ್ತರೂ ಅಲ್ಲ ಎಂದು ಬರೆದುಕೊಟ್ಟ ಮೇಲೆಯೇ ಸರಕಾರ ಅವರನ್ನು ಗಂಡಹೆಂಡಿರೆಂದಿತು. ಪ್ರೀತಿಗೆ ತೆರಬೇಕಾದ ಸುಂಕ ಧರ್ಮತ್ಯಾಗ! 1923ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರಿಗೆ ಈ ಸುಂಕವನ್ನು ಇಳಿಸಿತು. 1954ರ ಶಾಸನ ಎಲ್ಲರಿಗೂ ತೆಗೆದುಹಾಕಿತು. ತಮ್ಮ ಧರ್ಮದ ಮಂಟಪದಲ್ಲಿ ಎಡೆ ಸಿಕ್ಕದವರಿಗಾಗಿ ಸರಕಾರ ತಾನೇ ಹಾಕಿದ ಚಪ್ಪರ ಅದು. ಆ ಚಪ್ಪರದ ಬಾಗಿಲಿನಲ್ಲಿ ಮತ್ತೆ ಮಠಾಧಿಪತಿಗಳನ್ನೂ ಮೌಲ್ವಿಗಳನ್ನೂ ಕಾವಲಿಗೆ ನಿಲ್ಲಿಸುವುದಾದರೆ ಅದನ್ನು ಹಾಕಿದ ಉದ್ದೇಶವೇ ವ್ಯರ್ಥವಾಗುತ್ತದೆ.

ವಿರೋಧಿಸುವವರ ಸಂಖ್ಯೆ ದೊಡ್ಡದು, ಇದು ಪಟ್ಟಣದ ಕೆಲವು ಮೇಲ್ವರ್ಗದವರ ಹುಚ್ಚು ಎಂಬ ಮಾತೂ ಕೇಳಿಬಂದಿತು. ಕೇಂದ್ರ ಸರಕಾರವೇ ನ್ಯಾಯಾಲಯದಲ್ಲಿ ಹೆಚ್ಚುಕಡಮೆ ಹೀಗೆಂದಿತು. 1850ರ ದಶಕದಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ವಿಧವಾ ವಿವಾಹಕ್ಕಾಗಿ ಸಲ್ಲಿಸಿದ ಮನವಿಗೆ ಒಂದು ಸಾವಿರದಷ್ಟೂ ರುಜುಗಳಿರಲಿಲ್ಲ. ರಾಧಾಕಾಂತ ದೇವರ ಕಡೆಯವರ ಪ್ರತಿಮನವಿಗೆ 30 ಸಾವಿರಕ್ಕೂ ಮಿಕ್ಕಿ ರುಜುಗಳು ಬಿದ್ದವು. 1856ರಲ್ಲಿ ಶಾಸನವಾಯಿತು. ಅಂದು ಬಹುಜನರು ವಿರೋಧಿಸಿದ್ದು ಇಂದು ಸರಿಯೆನಿಸಿತು. ಆದುದರಿಂದ ಇಂದು ಬಹುಜನರು ವಿರೋಧಿಸುವುದೆಲ್ಲವೂ ನಾಳೆ ಸರಿಯಾದೀತು ಎಂದು ತರ್ಕಿಸುವುದು ಸಲ್ಲದು. ಆ ಕಥೆಯಿಂದ ಕಲಿಯಬೇಕಾದದ್ದು ಬೇರೆ. ಆ ಶಾಸನ ಯಾವ ವಿಧವೆಯನ್ನೂ ಮದುವೆಯಾಗೆಂದು ಬಲಾತ್ಕರಿಸಲಿಲ್ಲ. ಇಷ್ಟವಿಲ್ಲದವಳ ಮನೆಯೊಳಕ್ಕೆ ಅದು ಕಾಲಿಡಲೇ ಇಲ್ಲ. ರುಜು ಹಾಕಿದ 30 ಸಾವಿರ ಮಂದಿ ಕಳೆದುಕೊಂಡದ್ದು ಏನನ್ನು? ಇನ್ನೊಬ್ಬರನ್ನು ತಡೆಯುವ ಅಧಿಕಾರವೊಂದನ್ನೇ.

ರಾಜಕಾರಣಿಗಳ ನಡತೆಯನ್ನೂ ನೋಡಬೇಕು. 2023ರಲ್ಲಿ ಕೇಂದ್ರ ಸರಕಾರ ರಾಜ್ಯಗಳ ಅಭಿಪ್ರಾಯ ಕೇಳಿದಾಗ ಉತ್ತರ ಬರೆದವು ಏಳು. ಅಸ್ಸಾಂ, ಆಂಧ್ರ, ರಾಜಸ್ಥಾನಗಳು ಒಲ್ಲೆವೆಂದವು. ಉಳಿದ ನಾಲ್ಕು ಕಾಲಾವಕಾಶ ಬೇಡಿದವು. ಆಗ ಅಸ್ಸಾಮಿನಲ್ಲಿ ಭಾರತೀಯ ಜನತಾ ಪಕ್ಷ, ರಾಜಸ್ಥಾನದಲ್ಲಿ ಕಾಂಗ್ರೆಸ್ಸು ಅಧಿಕಾರದಲ್ಲಿದ್ದವು. ಎಲ್ಲದರಲ್ಲೂ ಜಗಳವಾಡುವ ಪಕ್ಷಗಳು ಇದರಲ್ಲಿ ಮಾತ್ರ ಒಂದಾದವು. ಧರ್ಮದ ಮುಖಂಡರ ಮನಸ್ಸು ನೋಯಿಸಿದರೆ ಮತ ಹೋಗುತ್ತದೆ. ಚದರಿಹೋಗಿರುವ ಈ ಜನರಿಂದ ಬರುವ ಮತ ಎಷ್ಟು?

ಆದರೆ ಪಣಕ್ಕಿಟ್ಟಿರುವುದು ಮತವಲ್ಲ, ಬಾಳು. ಇಬ್ಬರು ಹೆಂಗಸರು ಇಪ್ಪತ್ತು ವರುಷ ಒಂದೇ ಸೂರಿನಡಿ ಬಾಳಿದರೆಂದು ಇಟ್ಟುಕೊಳ್ಳೋಣ. ಮನೆ ಒಬ್ಬಳ ಹೆಸರಿನಲ್ಲಿದೆ; ಉಯಿಲು ಬರೆಯದೆ ಅವಳು ತೀರಿಕೊಳ್ಳುತ್ತಾಳೆ. ಅವಳನ್ನು ವರುಷಗಟ್ಟಲೆ ಮಾತನಾಡಿಸದಿದ್ದ ಅಣ್ಣ ವಾರಸುದಾರನಾಗಿ ಬರುತ್ತಾನೆ. ಕಡೆಯವರೆಗೆ ಗಂಜಿ ಕುಡಿಸಿದವಳು ಹೊರಗಿನವಳಾಗಿ ಬೀದಿಗಿಳಿಯುತ್ತಾಳೆ. 2024ರಲ್ಲಿ ಕೇಂದ್ರ ಸರಕಾರ, ಇಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿಯಾಗಿ ಹೆಸರಿಸಲು, ಒಂದೇ ಪಡಿತರ ಚೀಟಿ ಪಡೆಯಲು ಅಡ್ಡಿಯಿಲ್ಲವೆಂದು ತಿಳಿಸಿತು. ಒಳ್ಳೆಯದೇ. ಆದರೆ ಪಡಿತರ ಚೀಟಿಯಲ್ಲಿ ಕುಟುಂಬವಾದವರು ಸಾವಿನ ಮನೆಯಲ್ಲಿ ಅಪರಿಚಿತರಾಗುವುದು ಯಾವ ಧರ್ಮ?

ಮತ್ತೊಂದು ಕಡೆಯವರಿಗೂ ಒಂದು ಎಲ್ಲೆಯುಂಟು. ಸರಕಾರ ಮನ್ನಿಸಿತೆಂದು ಯಾವ ಪುರೋಹಿತನನ್ನೂ, ಖಾಜಿಯನ್ನೂ, ಪಾದ್ರಿಯನ್ನೂ ಅಂಥ ಮದುವೆ ಮಾಡಿಸೆಂದು ಬಲವಂತಪಡಿಸಬಾರದು. ಇಂಗ್ಲೆಂಡು 2013ರಲ್ಲಿ ಶಾಸನ ಮಾಡಿದಾಗ ಈ ರಕ್ಷಣೆಯನ್ನು ಸ್ಪಷ್ಟವಾಗಿ ಬರೆಯಿತು. ತೈವಾನಿನಲ್ಲಿ 2018ರ ಜನಮತಗಣನೆ ನಾಗರಿಕ ಸಂಹಿತೆಯನ್ನು ಮುಟ್ಟಬಾರದೆಂದಿತು. ಅಲ್ಲಿನ ಸರಕಾರ ಅದನ್ನು ಮುಟ್ಟದೆ 2019ರಲ್ಲಿ ಬೇರೆಯೇ ಶಾಸನ ಮಾಡಿತು. ಒಬ್ಬರ ಗೌರವಕ್ಕಾಗಿ ಇನ್ನೊಬ್ಬರ ಶ್ರದ್ಧೆಯನ್ನು ಮುರಿಯಬೇಕಾಗಿಲ್ಲ.

ದೇವರ ಮುಂದಿನ ಮದುವೆ ಧರ್ಮದ ಸೊತ್ತು. ಅದರ ನಿಯಮವನ್ನು ಆಯಾ ಧರ್ಮದವರು ತಮ್ಮೊಳಗೇ ಗೊತ್ತುಮಾಡಿಕೊಳ್ಳಲಿ. ಸರಕಾರದ ಕಡತ ಹಾಗಲ್ಲ. ಅದನ್ನು ಇಟ್ಟಿರುವುದು ಎಲ್ಲರ ತೆರಿಗೆಯ ಹಣದಿಂದ. ಸಲಿಂಗಿಗಳ ತೆರಿಗೆಯನ್ನು ಯಾರೂ ಅಪವಿತ್ರವೆಂದು ಹಿಂದಿರುಗಿಸಿಲ್ಲ. ಬಾಗಿಲು ತೆರೆಯುವ ಕೆಲಸ ಪಾರ್ಲಿಮೆಂಟಿನದೆಂದು ನ್ಯಾಯಾಲಯ ಹೇಳಿದೆ. ಹಾಗಾದರೆ ಪಾರ್ಲಿಮೆಂಟು ಬೇಕೆಂದೋ ಬೇಡವೆಂದೋ ಕಾರಣ ಕೊಟ್ಟು ಮಾತನಾಡಬೇಕು. ಬಾಗಿಲಲ್ಲಿ ನಿಂತವರಿಗೆ ಮೌನವನ್ನೇ ಉತ್ತರವಾಗಿ ಕೊಡುವುದು ಪ್ರಜಾರಾಜ್ಯಕ್ಕೆ ಒಪ್ಪುವ ಮರ್ಯಾದೆಯಲ್ಲ.