ಕಾಯುವ ಧರ್ಮ

ಕುಂಭಾರಿಯಲ್ಲಿ ಕೋಳಿಮಾಂಸ ಕೊಳ್ಳುವವನು ತಕ್ಕಡಿಯನ್ನು ನೋಡುತ್ತಾನೆ. ತೂಕ ಸರಿಯಿದ್ದರೆ ವ್ಯಾಪಾರವೂ ಸರಿಯೆಂದು ತಿಳಿಯುತ್ತಾನೆ. ಆದರೆ ಮಾಂಸದಲ್ಲಿ ಉಳಿದ ಪ್ರತಿಜೈವಿಕ ಔಷಧವು ಕಣ್ಣಿಗೂ ತೋರದು, ನಾಲಗೆಗೂ ತೋರದು. ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2014ರಲ್ಲಿ ಆ ಪ್ರದೇಶದ 70 ಮಾದರಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ 40ರಲ್ಲಿ ಇಂತಹ ಶೇಷವು ಕಂಡುಬಂದಿತು.

ರೋಗ ಬಂದ ಕೋಳಿಗೆ ಔಷಧ ಕೊಡುವುದು ತಪ್ಪಲ್ಲ. ಕೊಟ್ಟ ಬಳಿಕ ಅದು ದೇಹದಿಂದ ಇಳಿದುಹೋಗುವವರೆಗೆ ಕೊಯ್ಯದೆ ಕಾಯಬೇಕು. ಕಾದರೆ ಆ ದಿನಗಳ ಕಾಳಿನ ವೆಚ್ಚ ಸಾಕಿದವನದು. ಕಾಯದಿದ್ದರೆ ಹಾನಿಯು ಏನನ್ನೂ ಅರಿಯದೆ ಉಣ್ಣುವವನದು. ಔಷಧವನ್ನು ಎದುರಿಸಿ ಉಳಿದ ರೋಗಾಣುಗಳು ಹೆಚ್ಚಿದರೆ, ನಾಳೆ ಮಗುವಿನ ಜ್ವರಕ್ಕೆ ಮದ್ದು ನಾಟದು.

ಹಾಗಾದರೆ ಪರೀಕ್ಷೆಯು ಅಪನಂಬಿಕೆಯೇ? ಅಲ್ಲ. ಕಾದವನಿಗೂ ಕಾಯದವನಿಗೂ ಒಂದೇ ಬೆಲೆ ಸಲ್ಲದಂತೆ ನೋಡುವುದು ನ್ಯಾಯವೇ ಸರಿ.